ಪಿಎಸ್2ಗೆ ಆಟ ಆರಿಸುವುದು: ಮೊದಲು ಕರೆಂಟು, ಆಮೇಲೆ ರುಚಿ

"ಮನೇಲಿ ಹಳೇ ಪ್ಲೇಸ್ಟೇಷನ್ 2 ಇದೆ, ಒಳ್ಳೇ ಗೇಮ್ ಯಾವುದು ಹೇಳಿ" ಅಂದವರಿಗೆ ಎಲ್ಲ ಕಡೆಯೂ ಸಿಗುವ ಉತ್ತರ ಒಂದೇ: ಗಾಡ್ ಆಫ್ ವಾರ್, ಸ್ಯಾನ್ ಆಂಡ್ರಿಯಾಸ್, ಗ್ರ್ಯಾನ್ ಟುರಿಸ್ಮೊ 4. ಮೂರೂ ಒಳ್ಳೆಯ ಆಟಗಳೇ, ತಕರಾರಿಲ್ಲ. ಆದರೆ ಪಂಕ್ತಿಯಲ್ಲಿ ಕೂತವರನ್ನು ಕೇಳದೆ ಎಲ್ಲರ ಎಲೆಗೂ ಅಪ್ಪೆಹುಳಿ ಸುರಿಯುತ್ತ ಹೋದರೆ ಅರ್ಧ ಜನ ಬಿಟ್ಟೇಳುತ್ತಾರೆ. 2000ದಲ್ಲಿ ಜಪಾನಿನಲ್ಲಿ ಬಿಡುಗಡೆಯಾಗಿ ಹತ್ತಿರ ಹತ್ತಿರ 13 ವರ್ಷ ತಯಾರಾದ, 15 ಕೋಟಿಗೂ ಹೆಚ್ಚು ಮಾರಾಟವಾದ, ಟಿವಿಗೆ ಸಿಕ್ಕಿಸಿ ಆಡುವ ಸೋನಿಯ ಈ ಪೆಟ್ಟಿಗೆಗೆ ಸಾವಿರಗಟ್ಟಲೆ ಆಟಗಳಿವೆ. ಸಿಗುವುದು ಕಷ್ಟವಲ್ಲ, ಆರಿಸುವುದು ಕಷ್ಟ.

ಈ ಬರಹ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯ ಮನೆಗಳನ್ನೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮೇಲಿನ ಮನೆಗಳನ್ನೂ ಕಣ್ಣೆದುರು ಇಟ್ಟುಕೊಂಡದ್ದು. ಬೆಂಗಳೂರಿನ ಫ್ಲ್ಯಾಟಿಗೆ ಹೇಳುವ ಸಲಹೆ ಇಲ್ಲಿ ಅರ್ಧಕ್ಕರ್ಧ ತಪ್ಪುತ್ತದೆ. ಆರಿದ್ರಾ ಮಳೆ ಹಿಡಿದರೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗದು. ಮಳೆ ಬಿಟ್ಟರೂ ಗಾಳಿಯಲ್ಲಿ ತೇವ, ಸಮುದ್ರದ ಬದಿಯಲ್ಲಾದರೆ ಉಪ್ಪು ಕೂಡ.

ಕರೆಂಟು ಹೋದರೆ ಏನು ಉಳಿಯುತ್ತದೆ

ಪಿಎಸ್2ನಲ್ಲಿ ಆಟ ಉಳಿಯುವುದು ಮೆಮೊರಿ ಕಾರ್ಡಿನಲ್ಲಿ, ಅದೂ ಆಟ ಒಪ್ಪಿದ ಜಾಗದಲ್ಲಿ, ಒಪ್ಪಿದ ಹೊತ್ತಿನಲ್ಲಿ. ಮೊಬೈಲ್ ಆಟದ ಹಾಗೆ ಬಿಟ್ಟಲ್ಲಿಂದ ಶುರು ಮಾಡುವ ಮಾತಿಲ್ಲ. ಹಾಗಾಗಿ ಡಬ್ಬಿಯ ಮೇಲಿನ ಚಿತ್ರ ನೋಡುವ ಮೊದಲು ಸೇವ್ ಹೇಗೆ ಅಂತ ಕೇಳಿಕೊಳ್ಳಿ.

ಸ್ಯಾನ್ ಆಂಡ್ರಿಯಾಸ್‌ನಲ್ಲಿ ಸೇವ್ ಆಗುವುದು ನಾಯಕನ ಮನೆಗಳಲ್ಲಿ, ತಿರುಗುತ್ತಿರುವ ಫ್ಲಾಪಿಯ ಗುರುತಿನ ಮೇಲೆ ಹೋಗಿ ನಿಂತಾಗ. ಮಿಷನ್ ನಡುವೆ ಸೇವ್ ಇಲ್ಲ. ಊರಾಚೆ ಎಲ್ಲೋ ಮಿಷನ್ ಮುಗಿಸಿ ಮನೆಯ ದಾರಿ ಹಿಡಿದಾಗ ಕರೆಂಟು ಹೋದರೆ ಮಿಷನ್ನೂ ಹೋಯಿತು, ಗಳಿಸಿದ ದುಡ್ಡೂ ಹೋಯಿತು. ರೆಸಿಡೆಂಟ್ ಈವಿಲ್ 4ರಲ್ಲಿ ಟೈಪ್‌ರೈಟರ್ ಕಂಡಲ್ಲಿ ಸೇವ್. ಹಳೆಯ ಭಾಗಗಳ ಹಾಗೆ ಶಾಯಿಯ ರಿಬ್ಬನ್ ಖರ್ಚಾಗುವುದಿಲ್ಲ, ಎಷ್ಟು ಸಲ ಬೇಕಾದರೂ ಮಾಡಿ. ಆದರೆ ಒಂದು ಟೈಪ್‌ರೈಟರಿನಿಂದ ಇನ್ನೊಂದಕ್ಕೆ ದೂರವಿದೆ. ಸತ್ತವನನ್ನು ಆಟ ಸ್ವಲ್ಪವೇ ಹಿಂದಿನಿಂದ ಎಬ್ಬಿಸಿ ನಿಲ್ಲಿಸುತ್ತದೆ. ಆ ದಯೆ ಕರೆಂಟು ಹೋದವನಿಗೆ ಇಲ್ಲ. ಗ್ರ್ಯಾನ್ ಟುರಿಸ್ಮೊ 4ರಲ್ಲಿ 24 ಗಂಟೆಯ ರೇಸುಗಳೇ ಇವೆ, ನಡುವೆ ಸೇವ್ ಇಲ್ಲ. ಅವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಟ್ಟಲೇಬೇಡಿ.

ಇನ್ನೊಂದು ಕಡೆ, ಬರ್ನ್‌ಔಟ್ 3ರ ಒಂದೊಂದು ರೇಸ್ ಕೆಲವೇ ನಿಮಿಷದ್ದು, ಮುಗಿದ ಕೂಡಲೇ ತಾನಾಗಿ ಸೇವ್ ಆಗುತ್ತದೆ. ಮೆಟಲ್ ಗಿಯರ್ ಸಾಲಿಡ್ 3ರಲ್ಲಿ ರೇಡಿಯೊದಲ್ಲಿ ಕರೆ ಮಾಡಿ ಯಾವಾಗ ಬೇಕಾದರೂ ಸೇವ್ ಮಾಡಬಹುದು. ಮತ್ತೆ ಶುರುವಾಗುವುದು ಆ ಪ್ರದೇಶದ ಬಾಗಿಲಿನಿಂದ, ನಷ್ಟ ಅಲ್ಪ. ಶ್ಯಾಡೊ ಆಫ್ ದ ಕೊಲೊಸಸ್‌ನಲ್ಲಿ 16 ದೈತ್ಯರು. ಒಬ್ಬೊಬ್ಬನನ್ನು ಕೆಡವಿದ ಮೇಲೂ "ಸೇವ್ ಮಾಡಲೇ" ಎಂದು ಆಟವೇ ಕೇಳುತ್ತದೆ. ಇನ್ವರ್ಟರ್ ಇಲ್ಲದ ಮನೆಗೆ ಮಳೆಗಾಲದ ಆಟ ಅಂದರೆ ಈ ಮೂರು, ಜೊತೆಗೆ ಯಾವುದಾದರೂ ಫೈಟಿಂಗ್ ಆಟ.

ಇನ್ವರ್ಟರ್ ಇದ್ದವರೂ ಅದರ ಹಿಂಬದಿಯ ಗುಂಡಿ ನೋಡಿಕೊಳ್ಳಬೇಕು. ಸಾಕಷ್ಟು ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂದು ಎರಡಿರುತ್ತವೆ. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಫ್ಯಾನ್ ತಿರುಗುತ್ತಲೇ ಇರುತ್ತದೆ, ಪಿಎಸ್2 ಮಾತ್ರ ಆರಿಬಿಡಬಹುದು. ಯುಪಿಎಸ್ ಮೋಡಿಗೆ ಹಾಕಿದರೆ ಆ ಕಾಟ ತಪ್ಪುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಅಡಾಪ್ಟರ್ ಗುಂಯ್ ಅನ್ನಬಹುದು, ಟಿವಿಯ ಸದ್ದಿನಲ್ಲೂ ಆ ಗುಂಯ್ ಬೆರೆಯಬಹುದು. ಬರೀ ಸೇವ್ ಮಾಡಿ ಆರಿಸುವಷ್ಟು ಹೊತ್ತು ಸಾಕು ಅನ್ನುವವರಿಗೆ ಕಂಪ್ಯೂಟರಿಗೆ ಇಡುವ 600 ವಿಎ ಯುಪಿಎಸ್ ಸಾಕಾಗುತ್ತದೆ. ಸ್ಲಿಮ್, ಅಂದರೆ ಆಮೇಲೆ ಬಂದ ತೆಳು ಪೆಟ್ಟಿಗೆ, ತಿನ್ನುವ ಕರೆಂಟು ಕಡಿಮೆ, ಟಿವಿಯೇ ಹೆಚ್ಚು ತಿನ್ನುವುದು.

ಒಂದು ಅಭ್ಯಾಸ: ಒಂದೇ ಸೇವ್ ಫೈಲಿನ ಮೇಲೆ ಬರೆಯುತ್ತ ಹೋಗಬೇಡಿ. ಎರಡು ಫೈಲ್ ಇಟ್ಟು ಸರದಿಯಲ್ಲಿ ಬರೆಯಿರಿ. ಕಾರ್ಡಿಗೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಹಾಳಾಗುವುದು ಆ ಹೊತ್ತು ಬರೆಯುತ್ತಿದ್ದ ಫೈಲ್, ಹಿಂದಿನದು ಉಳಿಯುತ್ತದೆ. ಕಾರ್ಡೂ ಅಸಲಿ 8 ಎಂಬಿಯದ್ದೇ ಇರಲಿ. 64, 128 ಎಂಬಿ ಎಂದು ಮಾರುವ ಹೆಸರಿಲ್ಲದ ಕಾರ್ಡುಗಳು ತುಂಬುತ್ತ ಬಂದಂತೆ ಕೈಕೊಡುತ್ತವೆ.

ಯಾರಿಗೆ ಯಾವುದು

ಆಟದ ಜಾತಿ ಕೇಳಿ ಪ್ರಯೋಜನವಿಲ್ಲ. "ಆಕ್ಷನ್ ಇಷ್ಟ" ಅನ್ನುವವರು ಮೂರು ಬಗೆಯವರಿರುತ್ತಾರೆ. ಬಿಡುವಾದಾಗ ಅವರು ಬೇರೆ ಏನು ಮಾಡುತ್ತಾರೆ ಅಂತ ಕೇಳಿ, ಉತ್ತರ ಅಲ್ಲಿರುತ್ತದೆ.

ಗಾಡಿ ಓಡಿಸುವವರಿಂದ ಶುರು ಮಾಡೋಣ. ಶಿರಸಿಯಿಂದ ಕುಮಟೆಗೆ ಇಳಿಯುವಾಗ ದೇವಿಮನೆ ಘಾಟಿಯ ತಿರುವುಗಳನ್ನು ಬ್ರೇಕಿಗೆ ಹೆಚ್ಚು ಕಾಲಿಡದೆ, ಗೇರಿನಲ್ಲೇ ಹಿಡಿದು ಇಳಿಸುವುದರಲ್ಲಿ ಖುಷಿ ಕಾಣುವವರಿದ್ದಾರೆ. ಅವರ ಆಟ ಗ್ರ್ಯಾನ್ ಟುರಿಸ್ಮೊ 4. 700ಕ್ಕೂ ಹೆಚ್ಚು ಕಾರು, ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ 20 ಕಿಲೋಮೀಟರಿಗೂ ಉದ್ದದ ಹಳೆಯ ಸುತ್ತು, ಅಲ್ಲಿ ಕಾಡು, ಏರು, ಇಳುಕಲು, ಕಾಣದ ತಿರುವು ಎಲ್ಲ. ಶುರುವಿಗೆ ಕೈಗೆ ಸಿಗುವುದು 10,000 ಕ್ರೆಡಿಟ್. ಅದರಲ್ಲಿ ಹೊಸ ಕಾರಿಗೆ ಆಸೆಪಡದೆ ಸೆಕೆಂಡ್ ಹ್ಯಾಂಡ್ ಶೋರೂಮಿಗೆ ಹೋಗಿ, ಉಳಿದ ದುಡ್ಡನ್ನು ಟೈರಿಗೆ ಹಾಕಿ. ಮೊದಲು ಆಟದೊಳಗಿನ ಬಿ ಲೈಸೆನ್ಸ್ ಪರೀಕ್ಷೆ ಮುಗಿಸಿ. ಬೇಸರದ ಕೆಲಸ ಅನಿಸಿದರೂ ಎಲ್ಲಿ ಬ್ರೇಕ್ ಹಿಡಿಯಬೇಕು ಅಂತ ಕಲಿಸುವುದು ಅದೇ. ಕೊರತೆ ಅಂದರೆ, ಗೋಡೆಗೆ ಗುದ್ದಿದರೂ ಕಾರಿಗೆ ಒಂದು ಗೀರೂ ಬೀಳುವುದಿಲ್ಲ. ಎದುರಾಳಿಗಳೂ ಹಗ್ಗ ಕಟ್ಟಿ ಎಳೆದ ಹಾಗೆ ಒಂದೇ ಗೆರೆಯಲ್ಲಿ ಹೋಗುತ್ತಾರೆ.

ಇದೇ ಆಟವನ್ನು ಹೈಸ್ಕೂಲ್ ಹುಡುಗನಿಗೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾನೆ. ಅವನಿಗೆ ಬರ್ನ್‌ಔಟ್ 3 ಕೊಡಿ. ಅಲ್ಲಿ ಪಕ್ಕದ ಕಾರನ್ನು ಗೋಡೆಗೆ ಒತ್ತಿ ಪುಡಿ ಮಾಡಿದರೇ ಅಂಕ. ಕ್ರಾಶ್ ಮೋಡಿನಲ್ಲಿ ಒಂದೇ ಕಂಟ್ರೋಲರನ್ನು ಕೈಯಿಂದ ಕೈಗೆ ದಾಟಿಸುತ್ತ ಕೋಣೆ ತುಂಬ ಜನ ಆಡಬಹುದು, ರಜೆಗೆ ಬಂದ ನೆಂಟರ ಮಕ್ಕಳಿಗೆ ಹೇಳಿ ಮಾಡಿಸಿದ್ದು. ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ ಇವೆರಡರ ನಡುವಿನದು, ಪೊಲೀಸ್ ಬೆನ್ನಟ್ಟುವ ಭಾಗ ಇವತ್ತಿಗೂ ಮಜಾ. ಪಿಎಸ್2ನಲ್ಲಿ ಅದು ಅಲ್ಲಲ್ಲಿ ಏದುಸಿರು ಬಿಡುತ್ತದೆ ಅಷ್ಟೆ.

ಕ್ರಿಕೆಟ್. ಇದರಲ್ಲಿ ಆಯ್ಕೆ ಕಡಿಮೆ, ಜಗಳ ಹೆಚ್ಚು. ಇಎಯ ಕ್ರಿಕೆಟ್ 07 ಎಲ್ಲರೂ ಹೇಳುವ ಹೆಸರು. ಬ್ಯಾಟಿಂಗ್ ಎರಡೂ ಅನಲಾಗ್ ಸ್ಟಿಕ್ಕಿನಿಂದ: ಎಡಗೈಯದು ಕಾಲಿಗೆ, ಬಲಗೈಯದು ಬ್ಯಾಟಿಗೆ. ಮುಂದೆ ಕಾಲಿಟ್ಟು ಕವರ್ ಕಡೆ ಬಲ ಸ್ಟಿಕ್ ತಳ್ಳಿದರೆ ಡ್ರೈವ್, ಹಿಂದೆ ಸರಿದು ಪಕ್ಕಕ್ಕೆ ತಳ್ಳಿದರೆ ಕಟ್. ಎರಡು ದಿನ ಕೈ ತೊಡರುತ್ತದೆ, ಮೂರನೇ ದಿನ ಬಟನ್ ಒತ್ತುವ ಕ್ರಿಕೆಟ್ ಬೇಡವಾಗುತ್ತದೆ. ಆಟಗಾರರ ನಿಜ ಹೆಸರು ಬಳಸುವ ಲೈಸೆನ್ಸ್ ಇದ್ದದ್ದು ಇಂಗ್ಲೆಂಡ್, ಆಸ್ಟ್ರೇಲಿಯಕ್ಕೆ. ನಮ್ಮ ತಂಡದ ಹೆಸರುಗಳು ಅಡ್ಡಾದಿಡ್ಡಿ ಬದಲಾಗಿವೆ. 2006ರ ಕೊನೆಗೆ ಬಂದ ಆಟವಾದ್ದರಿಂದ ಐಪಿಎಲ್ ಇರುವ ಪ್ರಶ್ನೆಯೇ ಇಲ್ಲ. ಟೈಮಿಂಗ್ ಕೈಗೆ ಕೂತ ಮೇಲೆ ಸಿಕ್ಸರ್ ಹೊಡೆಯುವುದು ತೀರ ಸುಲಭವಾಗುತ್ತದೆ; ಆಗ ಡಿಫಿಕಲ್ಟಿ ಏರಿಸದಿದ್ದರೆ ವಾರದಲ್ಲಿ ಬೇಜಾರು. ಕೋಡ್‌ಮಾಸ್ಟರ್ಸ್‌ನ ಬ್ರಯನ್ ಲಾರಾ ಸರಣಿಯ 2007ರ ಆಟ ಇಂಡಿಯಾದಲ್ಲಿ ಯುವರಾಜ್ ಸಿಂಗ್ ಹೆಸರಿನಲ್ಲಿ ಬಂತು. ಅದೇ ಡಿಸ್ಕ್, ಬೇರೆ ಮುಖಪುಟ. ಎರಡೂ ಸಿಕ್ಕಿತೆಂದು ಎರಡನ್ನೂ ಕೊಳ್ಳಬೇಡಿ.

ಕ್ರಿಕೆಟ್ ಆಡುವವರು ತಮ್ಮ ಕೈ ಸರಿಯಿಲ್ಲ ಅಂದುಕೊಳ್ಳುವ ಮೊದಲು ಟಿವಿ ನೋಡಿ. ಹೊಸ ಎಲ್‌ಇಡಿ ಟಿವಿ ಹಳದಿ ತಂತಿಯಲ್ಲಿ ಬರುವ ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಒಂದಿಷ್ಟು ತಡವಾಗುತ್ತದೆ. ನೀವು ಬ್ಯಾಟ್ ಬೀಸುವಾಗ ಚೆಂಡು ಆಗಲೇ ಸ್ಟಂಪಿನಲ್ಲಿ. ಟಿವಿಯ ಪಿಕ್ಚರ್ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿದರೆ ಬಹಳಷ್ಟು ಸರಿಹೋಗುತ್ತದೆ. ಟೆಕ್ಕನ್ ಎಂಬ ಫೈಟಿಂಗ್ ಆಟ ಆಡುವವರಿಗೂ ಇದೇ ಮದ್ದು.

ಫುಟ್‌ಬಾಲಿಗೆ ಗೋವಾದ ಗಾಳಿ ಕಾರವಾರಕ್ಕೆ ಬೀಸುವುದರಿಂದ ಇಲ್ಲಿ ಕೇಳುವವರು ಜಾಸ್ತಿ. ಫೀಫಾ ಬೇಕೋ ಪ್ರೊ ಎವಲ್ಯೂಷನ್ ಸಾಕರ್ ಬೇಕೋ ಅಂದರೆ, ಈ ಪೆಟ್ಟಿಗೆಯ ಮಟ್ಟಿಗೆ ಪ್ರೊ ಎವಲ್ಯೂಷನ್, ಅದರಲ್ಲೂ 5 ಅಥವಾ 6. ಪಾಸು ತೂಕವಾಗಿ ಹೋಗುತ್ತದೆ, ಗೋಲು ಬೆವರು ಸುರಿಸದೆ ಬರುವುದಿಲ್ಲ. ಪಿಎಸ್2ಗೆ ಈ ಸರಣಿ 2014ರ ಆವೃತ್ತಿಯವರೆಗೂ ಬಂತು, ಆದರೆ ಕೊನೆಕೊನೆಯವುಗಳಲ್ಲಿ ಆಟಗಾರರ ಪಟ್ಟಿ ಬದಲಾದದ್ದು ಬಿಟ್ಟರೆ ಹೇಳಿಕೊಳ್ಳುವ ಹೊಸತಿಲ್ಲ. ನಾಲ್ಕು ಜನ ಕೂತು ಆಡಲು ಮಲ್ಟಿಟ್ಯಾಪ್, ಅಂದರೆ ಹೆಚ್ಚು ಕಂಟ್ರೋಲರ್ ಸಿಕ್ಕಿಸುವ ಡಬ್ಬಿ, ಬೇಕು. ದಪ್ಪ ಪಿಎಸ್2ನ ಮಲ್ಟಿಟ್ಯಾಪ್ ಸ್ಲಿಮ್‌ಗೆ ಕೂರುವುದಿಲ್ಲ, ಸ್ಲಿಮ್‌ನದೇ ಬೇರೆ. ಕೊಳ್ಳುವಾಗ ಪೆಟ್ಟಿಗೆ ಒಯ್ದು ಕೂರಿಸಿ ನೋಡಿ.

ಇನ್ನು ಯಕ್ಷಗಾನದ ಹುಚ್ಚಿನವರು. ಇಲ್ಲೂ ಎರಡು ರುಚಿ. ಚಂಡೆ ಏರಿ ಬಣ್ಣದ ವೇಷ ಅಬ್ಬರಿಸಿ ರಂಗಕ್ಕೆ ಬರುವ ಘಳಿಗೆಗೆ ಕಾಯುವವರಿಗೆ ಗಾಡ್ ಆಫ್ ವಾರ್ ತಪ್ಪುವುದಿಲ್ಲ: ಗ್ರೀಕ್ ಪುರಾಣ, ಆದಿಯಿಂದ ಅಂತ್ಯದವರೆಗೆ ರೌದ್ರ, ಬೆಟ್ಟದಂಥ ಎದುರಾಳಿ. 2007ರ ಎರಡನೇ ಭಾಗ ಮೊದಲನೆಯದಕ್ಕಿಂತ ದೊಡ್ಡದು. ರಕ್ತವೂ ಬತ್ತಲೆಯೂ ಇವೆ, ಡಬ್ಬಿಯ ಮೇಲೆ 18 ಅಂತಿರುವುದು ಸುಮ್ಮನೆ ಅಲ್ಲ. ಮಕ್ಕಳು ಜಗಲಿಯಲ್ಲಿರುವಾಗ ಹಾಕಬೇಡಿ.

ಪ್ರಸಂಗದ ನಡೆ, ಬಣ್ಣಗಾರಿಕೆ, ಹಾಸ್ಯ, ನಿಧಾನ ಇಷ್ಟಪಡುವವರಿಗೆ ಓಕಾಮಿ. ಜಪಾನಿನ ಸೂರ್ಯದೇವತೆ ಬಿಳಿ ತೋಳದ ರೂಪದಲ್ಲಿ ಬಂದು ಬಾಡಿದ ನೆಲಕ್ಕೆ ಮತ್ತೆ ಹಸಿರು ತರುವ ಕತೆ. ಇಡೀ ಆಟ ಶಾಯಿಯ ಕುಂಚದಲ್ಲಿ ಬರೆದ ಚಿತ್ರದ ಹಾಗಿದೆ. ಕಂಟ್ರೋಲರಿನ ಆರ್1 ಬಟನ್ ಒತ್ತಿ ಹಿಡಿದರೆ ಆಟ ಅಲ್ಲೇ ನಿಂತು ಪರದೆ ಹಾಳೆಯಾಗುತ್ತದೆ. ಚೌಕದ ಬಟನ್ ಒತ್ತಿಕೊಂಡು ಸ್ಟಿಕ್ಕಿನಲ್ಲಿ ಆಕಾಶದ ಮೇಲೊಂದು ವೃತ್ತ ಬರೆದರೆ ಸೂರ್ಯ ಹುಟ್ಟುತ್ತಾನೆ, ವೈರಿಯ ಮೇಲೆ ಅಡ್ಡಗೆರೆ ಎಳೆದರೆ ಕತ್ತಿಯೇಟು. ವೃತ್ತದ ತುದಿಗಳು ಕೂಡದಿದ್ದರೆ ಸೂರ್ಯ ಬರುವುದಿಲ್ಲ, ಮೊದಮೊದಲು ಹಾಗಾಗುವುದುಂಟು. ಅವಸರ ಮಾಡದೆ ದೊಡ್ಡ ವೃತ್ತ ಎಳೆಯಿರಿ. ಶುರುವಿನ ಮಾತುಕತೆ ಪ್ರಸಂಗಕ್ಕೆ ಮುಂಚಿನ ಸಭಾಲಕ್ಷಣದಷ್ಟು ಉದ್ದ, ತಾಳ್ಮೆ ಬೇಕು. ಒಟ್ಟು 30–40 ಗಂಟೆಯ ಆಟ. ಪಿಎಸ್2ನಲ್ಲಿ ಒಂದೇ ಆಟ ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಅನ್ನುವುದು ಈ ಬರಹದ ಪಕ್ಷಪಾತ.

ತಾಳಮದ್ದಳೆಯವರು ಬೇರೆಯೇ ಕುಲ. ಬಾಣಕ್ಕಿಂತ ಮಾತು ಮುಖ್ಯ. ಅವರಿಗೆ ಮೆಟಲ್ ಗಿಯರ್ ಸಾಲಿಡ್ 3: ಕಾಡಿನಲ್ಲಿ ಅಡಗಿ ಕೂರುವುದು ಅರ್ಧ, ಗುರು ಯಾರು, ದೇಶ ಯಾವುದು, ನಿಷ್ಠೆ ಎಲ್ಲಿಗೆ ಎಂಬ ವಾದ ಇನ್ನರ್ಧ. ಇದಕ್ಕೆ ಒಂದು ಎಚ್ಚರಿಕೆ. ಸೋನಿಯ ಅಸಲಿ ಕಂಟ್ರೋಲರ್ ಡ್ಯುಯಲ್‌ಶಾಕ್ 2ರ ಬಟನ್‌ಗಳಿಗೆ ಎಷ್ಟು ಬಲವಾಗಿ ಒತ್ತಿದ್ದೀರಿ ಅನ್ನುವುದು ಗೊತ್ತಾಗುತ್ತದೆ. ಈ ಆಟದಲ್ಲಿ ಚೌಕದ ಬಟನ್ ಒತ್ತಿದರೆ ಪಿಸ್ತೂಲು ಗುರಿ ಹಿಡಿಯುತ್ತದೆ, ಥಟ್ಟನೆ ಬಿಟ್ಟರೆ ಗುಂಡು ಹಾರುತ್ತದೆ, ಮೆಲ್ಲಗೆ ಬಿಟ್ಟರೆ ಗುಂಡು ಹಾರದೆ ಕೈ ಕೆಳಗಿಳಿಯುತ್ತದೆ. ಅಗ್ಗದ ನಕಲಿ ಕಂಟ್ರೋಲರಿಗೆ ಒತ್ತಿದೆ, ಬಿಟ್ಟೆ ಎಂಬೆರಡೇ ಗೊತ್ತು. ಅದರಲ್ಲಿ ಆಡಿದರೆ ಬೆದರಿಸಲು ಹೋದವನನ್ನೆಲ್ಲ ಕೊಂದೇ ಬಿಡುತ್ತೀರಿ, ಕಾವಲುಗಾರರೆಲ್ಲ ಎಚ್ಚರಾಗುತ್ತಾರೆ, "ಆಟ ಕಷ್ಟ" ಅನ್ನುತ್ತೀರಿ. ಆಟ ಕಷ್ಟವಲ್ಲ, ಕಂಟ್ರೋಲರ್ ಬೇರೆ. ಗ್ರ್ಯಾನ್ ಟುರಿಸ್ಮೊದಲ್ಲೂ ಅದೇ ಕತೆ: ಕ್ರಾಸ್ ಬಟನ್ ಅರ್ಧ ಒತ್ತಿದರೆ ಅರ್ಧ ಆಕ್ಸಿಲರೇಟರ್; ನಕಲಿಯಲ್ಲಿ ಪೂರ್ತಿ ಇಲ್ಲವೇ ಸೊನ್ನೆ.

ಇಂಗ್ಲಿಷ್ ಓದಲು ತ್ರಾಸ ಪಡುವವರಿಗೆ ಫೈನಲ್ ಫ್ಯಾಂಟಸಿ 10 ಕೊಡಬೇಡಿ. ಕತೆ ಒಳ್ಳೆಯದು, ಸರದಿ ಪ್ರಕಾರದ ಕಾಳಗದಲ್ಲಿ ಯೋಚಿಸಲು ಬೇಕಾದಷ್ಟು ಹೊತ್ತು, ಆದರೆ ಮಾತಿನ ದೃಶ್ಯಗಳನ್ನು ಹಾರಿಸಲಾಗದು. ಪಾಲ್ ಡಿಸ್ಕಿನಲ್ಲಿ (ಇಂಡಿಯಾ, ಯುರೋಪಿನ ಟಿವಿ ಪದ್ಧತಿಯದು) ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿ ಬೇರೆ. ಅವರಿಗೆ ಶ್ಯಾಡೊ ಆಫ್ ದ ಕೊಲೊಸಸ್, ಅದೇ ತಂಡದ ಹಿಂದಿನ ಆಟ ಇಕೊ. ಎರಡರಲ್ಲೂ ಮಾತು ಬೆರಳೆಣಿಕೆಯಷ್ಟು. ದೈತ್ಯನ ಮೈಮೇಲೆ ಹತ್ತಿ, ಕೂದಲು ಹಿಡಿದು ನೇತಾಡುವಾಗ ಆರ್1 ಒತ್ತಿದ ಬೆರಳು ನಿಜಕ್ಕೂ ಸೋಲುತ್ತದೆ. ಪೆಟ್ಟಿಗೆಯೂ ಅಲ್ಲಿ ಸೋತು ಚಿತ್ರ ಎಳೆದಾಡುತ್ತದೆ. ಅದು ಡಿಸ್ಕಿನ ದೋಷವಲ್ಲ.

ಹೆದರಿಕೆ ಬೇಕೆನ್ನುವವರಿಗೆ ಸೈಲೆಂಟ್ ಹಿಲ್ 2. ಇದರಲ್ಲಿ ಕಾಳಗದ ಕಷ್ಟ, ಒಗಟಿನ ಕಷ್ಟ ಎರಡನ್ನೂ ಬೇರೆ ಬೇರೆ ಆರಿಸಬಹುದು. ಕೈ ನಿಧಾನ, ತಲೆ ಚುರುಕು ಅನ್ನುವವರು ಕಾಳಗ ಸುಲಭಕ್ಕಿಟ್ಟು ಒಗಟು ಕಠಿಣಕ್ಕಿಡಿ. ಮಂಜು ಮುಸುಕಿದ ಊರು, ಹೊರಗೆ ಜಡಿಮಳೆ, ಮನೆಯ ಸುತ್ತ ತೋಟದ ಕತ್ತಲು; ಘಟ್ಟದ ಮೇಲಿನವರಿಗೆ ಬೇರೆ ಸೌಂಡ್ ಸಿಸ್ಟಮ್ ಬೇಡ.

ಜಗಲಿಯಲ್ಲಿ ಇಸ್ಪೀಟು ಹಾಕುವ ಗುಂಪಿಗೆ, ಒಂದು ಕೈ ಆಡಿ ಎದ್ದು ಚಾ ಕುಡಿದು ಬರುವವರಿಗೆ, ಟೆಕ್ಕನ್ 5. ಒಂದು ಸುತ್ತು ನಿಮಿಷದಲ್ಲಿ ಮುಗಿಯುತ್ತದೆ, ಸೋತವನು ಕಂಟ್ರೋಲರ್ ದಾಟಿಸುತ್ತಾನೆ. ಇದೇ ಡಿಸ್ಕಿನೊಳಗೆ ಟೆಕ್ಕನ್ 1, 2, 3ರ ಆರ್ಕೇಡ್ ಆವೃತ್ತಿಗಳೂ ಇವೆ, ಒಂದು ದುಡ್ಡಿಗೆ ನಾಲ್ಕು ಆಟ. ಸೋಲ್‌ಕ್ಯಾಲಿಬರ್ 3 ನೋಡಲು ಇನ್ನೂ ಚೆಂದ, ಆದರೆ ಅದಕ್ಕೊಂದು ಹೆಸರಾಂತ ರೋಗವಿದೆ: ಕಾರ್ಡಿನಲ್ಲಿನ ಬೇರೆ ಆಟದ ಫೈಲುಗಳನ್ನು ಅಳಿಸಿ, ಸರಿಸಿ ಮಾಡಿದರೆ ಇದರ ಸೇವ್ ಕೆಡುವ ಸಂಭವ. ಕೊಂಡರೆ ಅದಕ್ಕೇ ಒಂದು ಕಾರ್ಡ್ ಮೀಸಲಿಡಿ.

ಮಕ್ಕಳಿಗೆ ಲೆಗೊ ಸ್ಟಾರ್ ವಾರ್ಸ್. ಎರಡನೇ ಕಂಟ್ರೋಲರಿನ ಸ್ಟಾರ್ಟ್ ಒತ್ತಿ ಯಾವಾಗ ಬೇಕಾದರೂ ಸೇರಬಹುದು, ಬಿಡಬಹುದು. ಸತ್ತರೆ ಒಂದಿಷ್ಟು ಬಿಲ್ಲೆ ಚೆಲ್ಲುತ್ತವೆ, ಆಟ ಮುಗಿಯುವುದಿಲ್ಲ. ಜ್ಯಾಕ್ ಅಂಡ್ ಡ್ಯಾಕ್ಸ್ಟರ್ ಕೂಡ ಒಳ್ಳೆಯದು. ಹನುಮಾನ್: ಬಾಯ್ ವಾರಿಯರ್ ಹೈದರಾಬಾದಿನಲ್ಲಿ ತಯಾರಾಗಿ 2009ರಲ್ಲಿ ಬಂದದ್ದು, ಹೆಮ್ಮೆಗೆ ಒಂದು ಡಿಸ್ಕ್ ಇಟ್ಟುಕೊಳ್ಳಬಹುದು, ಆಡಲು ಒರಟು. ನಮ್ಮವೇ ಆಟ ಬೇಕೆಂದರೆ ಕಬಡ್ಡಿ, ಚಿನ್ನಿದಾಂಡು, ಗಾಳಿಪಟ ಇರುವ ದೇಸಿ ಅಡ್ಡಾ ವಾಸಿ, ಒಂದು ಸಂಜೆಗೆ.

ಪೆಟ್ಟಿಗೆ ಮತ್ತು ಡಿಸ್ಕ್ ಕೊಳ್ಳುವಾಗ

ನಮ್ಮ ಕಡೆ ಸಿಗುವ ಪಿಎಸ್2ಗಳಲ್ಲಿ ಗಲ್ಫಿನಿಂದ ಬಂದವು, ಅಮೆರಿಕದ ನೆಂಟರು ತಂದವು, ಇಲ್ಲಿಯವೇ ಆದವು ಎಲ್ಲ ಬೆರೆತಿವೆ. ತಿರುಗಿಸಿ ಅಡಿಯ ಚೀಟಿ ಓದಿ. ಎಸ್‌ಸಿಪಿಎಚ್ ಅಂತ ಶುರುವಾಗುವ ಮಾಡೆಲ್ ಸಂಖ್ಯೆಯ ಕೊನೆಯ ಅಂಕಿ 1 ಆದರೆ ಅಮೆರಿಕದ್ದು, 0 ಆದರೆ ಜಪಾನಿನದು, 4 ಆದರೆ ಯುರೋಪಿನದು. ಅಮೆರಿಕದ ಪೆಟ್ಟಿಗೆಗೆ ಇಲ್ಲಿಯ ಪಾಲ್ ಡಿಸ್ಕ್ ನಡೆಯದು. 90000 ಸರಣಿಯ ಸ್ಲಿಮ್‌ನಲ್ಲಿ ಪವರ್ ಸಪ್ಲೈ ಒಳಗೇ ಇದೆ. ಅದು ಅಮೆರಿಕದ್ದಾಗಿ ಚೀಟಿಯಲ್ಲಿ 120 ವೋಲ್ಟ್ ಎಂದಿದ್ದರೆ ನೇರ ನಮ್ಮ ಪ್ಲಗ್ಗಿಗೆ ಹಾಕಿದರೆ ಸುಡುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದಕ್ಕೂ ಹಿಂದಿನ ಸ್ಲಿಮ್‌ಗಳಿಗೆ 8.5 ವೋಲ್ಟಿನ ಅಡಾಪ್ಟರ್ ಹೊರಗಿರುತ್ತದೆ, ಅದರ ಮೇಲೆ ಬರೆದ ಇನ್‌ಪುಟ್ ನೋಡಿದರೆ ಸಾಕು.

ಪರೀಕ್ಷೆಗೆ ಎರಡು ಡಿಸ್ಕ್ ಒಯ್ಯಿರಿ: ಅಡಿಭಾಗ ನೀಲಿ ಇರುವ ಸಿಡಿ ಆಟ ಒಂದು, ಬೆಳ್ಳಿ ಬಣ್ಣದ ಡಿವಿಡಿ ಆಟ ಒಂದು. ಸಿಡಿಗೂ ಡಿವಿಡಿಗೂ ಲೇಸರ್ ಬೇರೆ ಬೇರೆ. ನೀಲಿ ಓಡಿ ಬೆಳ್ಳಿ ಓಡದಿದ್ದರೆ, ಅಥವಾ ತಿರುಗುಮುರುಗಾದರೆ, ಒಂದು ಲೇಸರ್ ಸೊರಗಿದೆ ಎಂದೇ ಅರ್ಥ. "ಡಿಸ್ಕ್ ಸರಿಯಿಲ್ಲ" ಅನ್ನುವ ಮಾರುವವರ ಮಾತು ನಂಬಬೇಡಿ. ಬೆಳ್ಳಿಯದು ಗಾಡ್ ಆಫ್ ವಾರ್ 2 ಅಥವಾ ಗ್ರ್ಯಾನ್ ಟುರಿಸ್ಮೊ 4 ಆದರೆ ಉತ್ತಮ. ಎರಡೂ ಎರಡು ಪದರದ ಡಿವಿಡಿ, ದಣಿದ ಲೇಸರ್ ಮೊದಲು ತಡವರಿಸುವುದು ಅವುಗಳಲ್ಲೇ. ಕಾಲು ಗಂಟೆ ಆಡಿ. ಕೆಂಪು ಪರದೆ ಬಂದು ಪ್ಲೇಸ್ಟೇಷನ್ ಡಿಸ್ಕ್ ಹಾಕಿ ಅಂತ ಹೇಳಿದರೆ ಓದಲಾಗುತ್ತಿಲ್ಲ ಎಂದರ್ಥ. ಹಚ್ಚಿದಾಗಲೆಲ್ಲ ಭಾಷೆ, ಗಂಟೆ ಕೇಳುತ್ತಿದ್ದರೆ ಹೆದರಬೇಡಿ, ಒಳಗಿನ ಸಿಆರ್2032 ಸೆಲ್ ಮುಗಿದಿದೆ ಅಷ್ಟೆ.

ಡಿಸ್ಕಿನ ಅಡಿಭಾಗ ನೇರಳೆ ಹೊಳಪಿದ್ದರೆ ಸುಟ್ಟು ಮಾಡಿದ ನಕಲು. ಗೀರು ನೋಡುವಾಗ ನಡುವಿನಿಂದ ಅಂಚಿಗೆ ಹೋದ ಗೀರಿಗೆ ಅಷ್ಟು ಹೆದರಬೇಕಿಲ್ಲ; ಬಳೆಯ ಹಾಗೆ ಸುತ್ತ ಬಿದ್ದ ಗೀರು ಕೆಟ್ಟದ್ದು, ಓದುವ ದಾರಿಯನ್ನೇ ಉದ್ದಕ್ಕೂ ಅಳಿಸಿರುತ್ತದೆ. ಡಿಸ್ಕ್ ತಿರುಗುವಾಗ ಪೆಟ್ಟಿಗೆ ಎತ್ತಿದರೆ, ಅಲುಗಿಸಿದರೆ ಬೀಳುವುದು ಇಂಥದ್ದೇ.

ತಂತಿ: ಹಳದಿ ತಂತಿಯ ಚಿತ್ರ ದೊಡ್ಡ ಎಲ್‌ಇಡಿಯಲ್ಲಿ ಮಸುಕು. ಹಸಿರು, ನೀಲಿ, ಕೆಂಪು ಮೂರು ಪಿನ್ನಿನ ಕಾಂಪೊನೆಂಟ್ ಕೇಬಲ್ ಹಾಕಿದರೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ. ಹಾಕಿದ ಮೇಲೆ ಬಣ್ಣವೆಲ್ಲ ಅಡ್ಡಾದಿಡ್ಡಿಯಾದರೆ ಕೇಬಲ್ ಹಿಂದಿರುಗಿಸಲು ಓಡಬೇಡಿ. ಡಿಸ್ಕ್ ಇಲ್ಲದೆ ಹಚ್ಚಿ, ಸಿಸ್ಟಮ್ ಕಾನ್ಫಿಗರೇಶನ್‌ಗೆ ಹೋಗಿ, ಕಾಂಪೊನೆಂಟ್ ವಿಡಿಯೊ ಔಟ್ ಎಂಬಲ್ಲಿ ಆರ್‌ಜಿಬಿ ಇದ್ದದ್ದನ್ನು ವೈ ಸಿಬಿ ಸಿಆರ್‌ಗೆ ಬದಲಿಸಿ. ಹಿಂಬದಿಗೆ ಸಿಕ್ಕಿಸುವ ಪುಟ್ಟ ಎಚ್‌ಡಿಎಂಐ ಅಡಾಪ್ಟರಿಗೂ ಇದೇ ಸೆಟ್ಟಿಂಗ್. ಶುರುವಿನಲ್ಲಿ 50 ಹರ್ಟ್ಸೋ 60 ಹರ್ಟ್ಸೋ ಎಂದು ಆಟ ಕೇಳಿದರೆ 60 ಆರಿಸಿ, ಚಿತ್ರ ಚುರುಕಾಗುತ್ತದೆ.

ಮಳೆಗಾಲದಲ್ಲಿ

ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಿಡುವುದು ಎಲ್ಲರೂ ಮಾಡುವ ತಪ್ಪು. ಒಳಗಿನ ತೇವ ಒಳಗೇ ಉಳಿದು ಲೆನ್ಸಿಗೂ ಡಿಸ್ಕಿಗೂ ಬೂಷ್ಟು ಹಿಡಿಯುತ್ತದೆ. ಆಡದಿದ್ದರೂ ವಾರಕ್ಕೆರಡು ಸಲ ಅರ್ಧ ಗಂಟೆ ಹಚ್ಚಿಡಿ, ಅದರ ಬಿಸಿಯೇ ಮದ್ದು. ಡಿಸ್ಕುಗಳನ್ನು ಮುಚ್ಚಳ ಬಿಗಿಯಾಗುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಡಿಸ್ಕಿಗೆ ಹಿಡಿದ ಬೂಷ್ಟನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ಸುತ್ತ ತಿಕ್ಕಬೇಡಿ, ಟೂತ್‌ಪೇಸ್ಟ್ ಮುಟ್ಟಿಸಬೇಡಿ. ಸ್ಲಿಮ್‌ನ ಮುಚ್ಚಳ ತೆಗೆದರೆ ಲೆನ್ಸ್ ಎದುರಿಗೇ ಕಾಣುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಗುರವಾಗಿ ಒರೆಸಿ, ಒಣಗಲು ಹತ್ತು ನಿಮಿಷ ಬಿಡಿ. ಒತ್ತಿದರೆ ಲೆನ್ಸಿನ ಸ್ಪ್ರಿಂಗ್ ಕೂರುತ್ತದೆ, ಮತ್ತೆ ಏಳುವುದಿಲ್ಲ. ಕಾರವಾರ, ಅಂಕೋಲಾದ ಸಮುದ್ರದ ಬದಿಯ ಮನೆಯಲ್ಲಾದರೆ ಕಂಟ್ರೋಲರಿನ ಪಿನ್ನುಗಳನ್ನೂ ಅದೇ ಕಡ್ಡಿಯಲ್ಲಿ ತಿಂಗಳಿಗೊಮ್ಮೆ ಒರೆಸಿ, ಉಪ್ಪುಗಾಳಿಗೆ ಅವು ಕಿಲುಬುತ್ತವೆ. ಮುಟ್ಟದೆಯೇ ಬಟನ್ ಒತ್ತಿದಂತಾಗುವ ರೋಗ ಬಂದರೆ ಕಂಟ್ರೋಲರಿನೊಳಗಿನ ತೆಳು ಫಿಲ್ಮು ಬೋರ್ಡಿಗೆ ಸರಿಯಾಗಿ ತಾಗುತ್ತಿಲ್ಲ. ಬಿಚ್ಚಿ ಒರೆಸಿ, ಅದನ್ನು ಒತ್ತಿಹಿಡಿಯುವ ಸ್ಪಂಜಿನ ಕೆಳಗೆ ಒಂದು ಪದರ ಟೇಪ್ ಕೊಟ್ಟರೆ ಹೆಚ್ಚಿನವು ಸರಿಯಾಗುತ್ತವೆ.

ಅಟ್ಟದ ಮೇಲೆ ಹಳೇ ದಪ್ಪ ಟಿವಿ ಇದ್ದರೆ ಗುಜರಿಗೆ ಹಾಕಬೇಡಿ. ಪಿಎಸ್2ನ ಚಿತ್ರ ಅದರಲ್ಲೇ ಚೆಂದ, ತಡವೂ ಇಲ್ಲ. ಟೈಮ್ ಕ್ರೈಸಿಸ್ ಆಟದ ಗನ್‌ಕಾನ್ ಪಿಸ್ತೂಲು ಗುರಿ ಹಿಡಿಯುವುದೂ ಆ ಟಿವಿಯಲ್ಲಿ ಮಾತ್ರ. ಎಲ್‌ಇಡಿ ಎದುರು ಅದು ಬರೀ ಆಟಿಕೆ.

ಮೀನು ಹಿಡಿಯುವ ಆಟಗಳೂ ಇವೆ. ಬೈತಖೋಲದ ಬಂದರಿನವರಿಗೆ ಅದನ್ನು ಕೊಡುವುದು ಬೇಡ, ಮಾರಾಯ್ರೆ. ವಾಲಿಬಾಲ್ ಪ್ರಿಯರಿಗೆ ಮಾತ್ರ ಈ ಪೆಟ್ಟಿಗೆಯಲ್ಲಿ ಹೇಳಿಕೊಳ್ಳುವಂಥದ್ದಿಲ್ಲ. ಇರುವ ಒಂದೆರಡು ಬೀಚ್ ವಾಲಿಬಾಲ್ ಆಟಗಳು ಚೆಂಡಿಗಿಂತ ಆಡುವವರ ಉಡುಪಿನ ಮೇಲೇ ಕಣ್ಣಿಟ್ಟವು, ಬ್ಲಾಕ್ ಮಾಡುವ ಹೊತ್ತೂ ಸರಿ ಕೂರುವುದಿಲ್ಲ. ಅಂಥವರು ಕೇಳಿದರೆ ಟೆಕ್ಕನ್ 5 ಕೊಡಿ: ಎದುರಿನವನ ಭುಜ ನೋಡಿ ಹೊಡೆತ ಊಹಿಸುವ ಕಣ್ಣು ಅಲ್ಲಿ ಕೆಲಸಕ್ಕೆ ಬರುತ್ತದೆ.